ನಮ್ದು ಚಿಕ್ಕ ಸೈಟು, ಯಾರ್ ಹ್ಯಾಕ್ ಮಾಡ್ತಾರೆ ಅನ್ನೋರಿಗೆ

ಈ ಮಾತು ಕೇಳಿದಾಗೆಲ್ಲ ನನಗೆ 2008ರ ಕಥೆ ಹೇಳ್ಬೇಕು ಅನ್ಸುತ್ತೆ. ಆ ವರ್ಷ ಏಪ್ರಿಲ್ ಹೊತ್ತಿಗೆ ಲಕ್ಷಗಟ್ಟಲೆ ವೆಬ್ ಪುಟಗಳು ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನೋ ದಾಳಿಗೆ (ಸೈಟಿನ ಡೇಟಾಬೇಸ್‌ಗೆ ಹೋಗೋ ಆದೇಶದೊಳಗೆ ತಮ್ಮ ಆದೇಶ ತೂರಿಸೋದು) ಸಿಕ್ಕಿ ಒಂದೇ ಥರ ಕೆಟ್ಟೋದ್ವು, ದೊಡ್ಡ ಸಂಸ್ಥೆಗಳದ್ದೂ ಇತ್ತು, ಹೆಸರೇ ಕೇಳದಿರೋ ಸೈಟುಗಳೂ ಇದ್ವು. ಯಾರೂ ಕೂತ್ಕೊಂಡು ಇದು ಬೇಕು ಅದು ಬೇಡ ಅಂತ ಆರಿಸ್ಲಿಲ್ಲ. ಎಎಸ್‌ಪಿ (ಮೈಕ್ರೋಸಾಫ್ಟ್‌ನ ಹಳೇ ವೆಬ್ ತಂತ್ರಜ್ಞಾನ) ಪುಟಗಳನ್ನ ಹುಡುಕೋದು, ವಿಳಾಸದ ಕೊನೇಲಿ ಐಡಿ ನಂಬರ್ ಇದ್ರೆ ಅದರ ಹಿಂದೆ ತಮ್ಮ ಕೋಡ್ ಅಂಟಿಸಿ ಕಳಿಸೋದು, ಕೆಲಸ ಆದ್ರೆ ಆಯ್ತು, ಆಗ್ಲಿಲ್ವಾ ಮುಂದಿನ ಸೈಟು. ಎಲ್ಲ ಪ್ರೋಗ್ರಾಮೇ ಮಾಡ್ತಿತ್ತು. ಆಸ್‌ಪ್ರಾಕ್ಸ್ ಅನ್ನೋ ಬಾಟ್‌ನೆಟ್ (ಹ್ಯಾಕರ್‌ಗಳ ಹಿಡಿತದಲ್ಲಿರೋ ಕಂಪ್ಯೂಟರ್‌ಗಳ ಜಾಲ) ಕೂಡ ಅದೇ ವರ್ಷ ಇದೇ ದಾರಿ ಹಿಡೀತು.

ಆ ಕೋಡ್ ಹೇಗಿತ್ತು ಅಂತ ನೋಡ್ಬೇಕು. ಹೊರಗಿಂದ ಬಂದಿದ್ದರಲ್ಲಿ ಕೋಟ್ ಚಿಹ್ನೆ (') ಫಿಲ್ಟರ್ ಮಾಡಿದ್ರೆ ಸಾಕು ಅಂತ ನಂಬಿದ್ದೋರು ತುಂಬಾ ಜನ ಇದ್ರು, ಆದ್ರೆ ಇದ್ರಲ್ಲಿ ಕೋಟೇ ಇಲ್ಲ, ಇಡೀ ಆದೇಶನ ಹೆಕ್ಸ್ ಅಂಕಿಗಳಾಗಿ (0-9, A-F) ಬರ್ದು, ಡೇಟಾಬೇಸ್ ಒಳಗೆ ಹೋದ್ಮೇಲೆ ವಾಪಸ್ ಅಕ್ಷರ ಮಾಡಿ ಅಲ್ಲೇ ಓಡಿಸ್ತಿದ್ರು. ನಿಮ್ಮ ಟೇಬಲ್ ಹೆಸರೇನು, ಕಾಲಂ ಹೆಸರೇನು, ಅದಕ್ಕೆ ಗೊತ್ತಿರ್ಬೇಕಾಗೇ ಇಲ್ಲ. ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ) ತಾನೇ ಎಲ್ಲ ಟೇಬಲ್‌ಗಳ ಪಟ್ಟಿ ಇಟ್ಕೊಂಡಿರುತ್ತಲ್ಲ, ಅದನ್ನೇ ಕೇಳಿ, ಅಕ್ಷರ ತುಂಬೋ ಕಾಲಂ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಒಂದು ಸ್ಕ್ರಿಪ್ಟ್ ಟ್ಯಾಗ್ (ಬ್ರೌಸರ್‌ಗೆ ಕೋಡ್ ಓಡಿಸು ಅಂತ ಹೇಳೋ ಗುರುತು) ಸೇರಿಸ್ಬಿಡೋದು. ಲೇಖನದ ತಲೆಬರಹ, ವಸ್ತುವಿನ ವಿವರ, ಬಳಕೆದಾರರ ಹೆಸರು, ಎಲ್ಲದರ ಕೊನೇಲೂ ಅದೇ ಟ್ಯಾಗು. ಆಮೇಲೆ ಆ ಪುಟ ತೆರೆದೋರ ಬ್ರೌಸರ್ ಬೇರೆ ಸರ್ವರ್‌ನಿಂದ ಮಾಲ್ವೇರ್ ಎಳ್ಕೊಳ್ತಿತ್ತು. ಅಂದ್ರೆ ಅವರಿಗೆ ಬೇಕಿದ್ದಿದ್ದು ನಿಮ್ಮ ಸೈಟಲ್ಲ, ನಿಮ್ಮನ್ನ ನಂಬಿ ಬರೋ ಜನ. ಅದಕ್ಕೇ ಚಿಕ್ಕ ಸೈಟು ಅನ್ನೋ ಮಾತು ಕೇಳಿದ್ರೆ ನನಗೆ ಬೇಜಾರಾಗೋದು.

ಸರ್ವರ್ ತಂತ್ರಾಂಶದಲ್ಲಿ ಏನೂ ದೋಷ ಇರ್ಲಿಲ್ಲ, ದೋಷ ಇದ್ದಿದ್ದು ಸೈಟ್ ಬರೆದೋರ ಕೋಡಲ್ಲಿ. ಬಳಕೆದಾರ ಕೊಟ್ಟಿದ್ದನ್ನ ನೇರವಾಗಿ ಕ್ವೆರಿ (ಡೇಟಾಬೇಸ್‌ಗೆ ಕೊಡೋ ಆದೇಶ) ಒಳಗೆ ಅಂಟಿಸೋದು, ಅಷ್ಟೇ. ಈ ದಾಳಿ ಹೇಗೆ ಸಾಧ್ಯ ಅಂತ ಫ್ರ್ಯಾಕ್ ಅನ್ನೋ ಹ್ಯಾಕರ್‌ಗಳ ಪತ್ರಿಕೆಯಲ್ಲಿ 1998ರಲ್ಲೇ ಬಂದಿತ್ತು. ಮದ್ದೂ ಹಳೇದೇ: ಕ್ವೆರಿ ಬೇರೆ, ಮೌಲ್ಯ ಬೇರೆ ಕಳಿಸೋ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಹಾಗಿದ್ರೂ 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಟೆಲಿಕಾಂ ಕಂಪನಿಯ ಸುಮಾರು 1,57,000 ಗ್ರಾಹಕರ ವಿವರ ಹೋಗಿದ್ದು ಇದೇ ದಾರೀಲಿ, ಮರುವರ್ಷ 4,00,000 ಪೌಂಡ್ ದಂಡ ಬಿತ್ತು. ತೂತು ಇದ್ದಿದ್ದು ಟಾಕ್‌ಟಾಕ್ ಕೊಂಡ್ಕೊಂಡಿದ್ದ ಬೇರೆ ಕಂಪನಿಯಿಂದ ಬಂದ ಹಳೇ ಪುಟಗಳಲ್ಲಿ. ನಿಮ್ಮ ಸರ್ವರ್‌ನಲ್ಲೂ ಯಾರೂ ಮುಟ್ಟದ ಹಳೇ ಫೋಲ್ಡರ್ ಇದ್ರೆ ದಯವಿಟ್ಟು ತೆಗೀರಿ.

ರೆಡಿಮೇಡ್ ಸಿಎಂಎಸ್ (ಸೈಟ್ ನಡೆಸೋ ಸಿದ್ಧ ತಂತ್ರಾಂಶ) ಬಳಸ್ತೀವಿ, ನಮಗೇನು ಅನ್ನೋರಿಗೆ ಅಂಥದ್ದೇ ಒಂದಾದ ದ್ರುಪಲ್ ನೆನಪಿಸ್ತೀನಿ. 2014ರ ಅಕ್ಟೋಬರ್ 15ಕ್ಕೆ ಪ್ಯಾಚ್ (ದೋಷ ಸರಿ ಮಾಡೋ ಅಪ್‌ಡೇಟ್) ಬಂತು, ಇಂಜೆಕ್ಷನ್ ತಡೀಲಿ ಅಂತಾನೇ ಬರೆದಿದ್ದ ಪದರದಲ್ಲೇ ಇಂಜೆಕ್ಷನ್ ದೋಷ. ಕೆಲವೇ ಗಂಟೆಗಳಲ್ಲಿ ತಾವಾಗೇ ದಾಳಿ ಮಾಡೋ ಬಾಟ್‌ಗಳು ಹೊರಟ್ವು, ಕೊನೆಗೆ ದ್ರುಪಲ್ ತಂಡದವರೇ ಹೇಳಿದ್ರು, ಪ್ಯಾಚ್ ಬಂದ 7 ಗಂಟೆ ಒಳಗೆ ಅಪ್‌ಡೇಟ್ ಮಾಡದಿದ್ರೆ ನಿಮ್ಮ ಸೈಟ್ ಹ್ಯಾಕ್ ಆಗಿದೆ ಅಂತಾನೇ ಅಂದ್ಕೊಳ್ಳಿ ಅಂತ.

ಸೈಟ್ ಕೆಟ್ಟಾಗ ಎಲ್ಲರೂ ಮೊದಲು ಮಾಡೋದು ಡೇಟಾಬೇಸ್‌ನಲ್ಲಿ ಆ ಟ್ಯಾಗ್ ಹುಡುಕಿ ಅಳಿಸೋದು, ಇಲ್ಲಾ ಬ್ಯಾಕಪ್ ಹಾಕೋದು. ತೂತು ಹಾಗೇ ಇದ್ರೆ ಬಾಟ್ ಮತ್ತೆ ಬಂದು ಮತ್ತೆ ತುಂಬಿಸುತ್ತೆ. ಮೊದಲು ಸೈಟ್ ತಾತ್ಕಾಲಿಕವಾಗಿ ನಿಲ್ಲಿಸಿ, ಲಾಗ್‌ನಲ್ಲಿ (ಸರ್ವರ್‌ಗೆ ಬಂದ ರಿಕ್ವೆಸ್ಟ್‌ಗಳ ದಾಖಲೆ) ಯಾವ ಪುಟಕ್ಕೆ ಉದ್ದುದ್ದ ವಿಚಿತ್ರ ರಿಕ್ವೆಸ್ಟ್ ಬಂದಿದೆ ನೋಡಿ, ಆ ಕೋಡ್ ಸರಿ ಮಾಡಿ, ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಬ್ಯಾಕಪ್. ಹಾಗೇ ವೆಬ್‌ಸೈಟ್ ಡೇಟಾಬೇಸ್‌ಗೆ ಹೋಗೋ ಅಕೌಂಟ್‌ಗೆ ಪೂರ್ತಿ ಅಡ್ಮಿನ್ ಅಧಿಕಾರ ಕೊಟ್ಟಿದ್ರೆ ಇವತ್ತೇ ತೆಗೀರಿ, ಬರೀ ಓದೋ ಪುಟಕ್ಕೆ ಬರೆಯೋ ಅಧಿಕಾರ ಯಾಕೆ ಬೇಕು?