ನೆಟೆ ರೋಗಕ್ಕೆ ಗಡಿಯಿಲ್ಲ

ನಮ್ಮ ಹೊಲದ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಒಂದೆರಡು ಸಾಲು ನಿಂತಲ್ಲೇ ಒಣಗಿದರೆ, ನಾನು ಮೊದಲು ಮಾಡುವ ಕೆಲಸ ಗಿಡದ ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳುವುದು. ಒಳಗೆ ಕಂದು ಬಣ್ಣದ ಗೆರೆ ಕಂಡರೆ ಅದು ನೆಟೆ ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಈ ಶಿಲೀಂಧ್ರಕ್ಕೆ ಕಲಬುರಗಿ, ಬೀದರ್, ಸೊಲ್ಲಾಪುರ ಎಂಬ ಭೇದವಿಲ್ಲ. ಆದ್ದರಿಂದ ಒಂದೇ ರಾಜ್ಯದ ಇಲಾಖೆ ಇದನ್ನು ಒಂಟಿಯಾಗಿ ಎದುರಿಸಲಾರದು ಎಂದು ನನಗನಿಸುತ್ತದೆ.

ಹೈದರಾಬಾದಿನ ಸಮೀಪದ ಪಟಾಂಚೆರುವಿನಲ್ಲಿ 1972ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಹಲವು ದೇಶಗಳಿಂದ ತೊಗರಿಯ ತಳಿಗಳನ್ನು ಕೂಡಿಹಾಕಿತು. ಮಹಾರಾಷ್ಟ್ರದ ಸ್ಥಳೀಯ ತಳಿಯಿಂದ ಅಲ್ಲಿ ಆಯ್ದ ಹೊಸ ತಳಿಯೊಂದು 1986ರಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಅದು ನೆಟೆಯನ್ನು ತಡೆಯಿತು, ಗಿಡ ಹೂ-ಕಾಯಿ ಬಿಡದಂತೆ ಮಾಡುವ ಗೊಡ್ಡು ರೋಗವನ್ನು ತಡೆಯಲಿಲ್ಲ. ಎರಡನ್ನೂ ತಡೆಯುವ ‘ಆಶಾ’ ಅನಂತರ ಬಂತಾದರೂ, ಅದರ ದೀರ್ಘ ಅವಧಿಗೆ ಬೇಕಾದ ತೇವ ನಮ್ಮ ಮಸಾರಿ (ಕೆಂಪು) ನೆಲದಲ್ಲಿ ಉಳಿಯುವುದಿಲ್ಲ. ಕರಿ ನೆಲದವರ ಮಾತು ಬೇರೆ.

ಏಷ್ಯಾದ ದೇಶಗಳ ನಡುವೆ ಬೀಜ ಮತ್ತು ಪ್ರಯೋಗಗಳ ಫಲಿತಾಂಶಗಳನ್ನು ಹಂಚಿಕೊಳ್ಳಲು 1986ರಲ್ಲಿ ದ್ವಿದಳ ಧಾನ್ಯಗಳ ಜಾಲವೊಂದು ಹುಟ್ಟಿತು. 1992ರಲ್ಲಿ ಏಕದಳ ಧಾನ್ಯಗಳೂ ಅದರೊಳಗೆ ಸೇರಿದವು. ಇಂತಹ ಜಾಲಗಳ ನಿಜವಾದ ಬೆಲೆ ಸಭೆಗಳಲ್ಲಿಲ್ಲ (ಅವಕ್ಕೇನೂ ಕೊರತೆಯಿಲ್ಲ), ಬೇರೊಂದು ಮಣ್ಣಿನಲ್ಲಿ ಸೋತ ತಳಿಯ ಸುದ್ದಿ ಬಿತ್ತನೆಗೆ ಮೊದಲೇ ತಲುಪುವುದರಲ್ಲಿದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಇದು ಇಂಥ ಪ್ರದೇಶದ್ದೇ ಎಂದು ಗುರುತಿಸುವ ಮುದ್ರೆ, ದೊರೆತಿದ್ದು ಸಂತೋಷವೇ ಸರಿ, ಆದರೆ ಮ್ಯಾನ್ಮಾರ್ ಮತ್ತು ಮೊಜಾಂಬಿಕ್‌ಗಳಿಂದ ತೊಗರಿ ಬಂದಿಳಿದಾಗ ನಮ್ಮ ಗಂಜ್ ಮಾರುಕಟ್ಟೆಯ ಧಾರಣೆ ಕುಸಿಯುವುದನ್ನು ಆ ಮುದ್ರೆ ತಡೆಯುವುದಿಲ್ಲ. ಬೀಜ ಹಂಚಿಕೊಳ್ಳುವ ದೇಶಗಳು ಬಿತ್ತನೆಯ ಅಂದಾಜನ್ನೂ ಜೂನ್‌ಗೆ ಮೊದಲೇ ಹಂಚಿಕೊಂಡರೆ, ಎಷ್ಟು ಎಕರೆಗೆ ತೊಗರಿ, ಎಷ್ಟಕ್ಕೆ ಹೆಸರು ಎಂಬುದನ್ನು ನಾವು ಕೂರಿಗೆ ಹೂಡುವ ಮೊದಲೇ ನಿರ್ಧರಿಸಬಹುದು.