ಮೀನಿಗೊಂದು ಕಾಲಿಂಗ್ ಬೆಲ್

ಹಾಲೆಂಡಿಗೆ ಹೊರಟಾಗ ಎಲ್ಲರೂ ಹೇಳಿದ್ದು ಆಮ್‌ಸ್ಟರ್‌ಡ್ಯಾಮ್ ಬಗ್ಗೆ. ಅದನ್ನೂ ನೋಡಿದೆ, ಚೆನ್ನಾಗಿದೆ. ಆದರೆ ಕೂತು ಬರೆಯಬೇಕು ಅನ್ನಿಸಿದ್ದು ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ದೂರ ಇರುವ ಉಟ್ರೆಕ್ಟ್ ಬಗ್ಗೆ.

ನಾವು ಮೂವರು ಮೈಸೂರಿನ ಹಾಸ್ಟೆಲ್‌ನಲ್ಲಿ ಒಂದೇ ರೂಮಿನಲ್ಲಿದ್ದವರು. ಶಿರಸಿಯವಳು ಈಗ ಉಟ್ರೆಕ್ಟ್‌ನಲ್ಲಿ ಕೆಲಸದಲ್ಲಿದ್ದಾಳೆ. ಹಾಸನದವಳು ಜರ್ಮನಿಯಿಂದ ರೈಲು ಹತ್ತಿ ಬಂದಳು. ಊರಿನ ಹೆಸರು ಹಿಡಿದೇ ಒಬ್ಬರನ್ನೊಬ್ಬರು ಕರೆಯೋದು ಹಾಸ್ಟೆಲ್ ಕಾಲದ ರೂಢಿ, ಇನ್ನೂ ಬಿಟ್ಟಿಲ್ಲ. ಮೂವರೂ ಒಂದೇ ಕಡೆ ಸೇರಿ ಹನ್ನೊಂದು ವರ್ಷ ಆಗಿತ್ತು. ಏಪ್ರಿಲ್ ತಿಂಗಳ ಶನಿವಾರ. ಬಿಸಿಲಿತ್ತು, ಆದರೆ ಗಾಳಿ ಮಾತ್ರ ಸ್ವೆಟರ್ ಒಳಗೇ ನುಗ್ಗುತ್ತಿತ್ತು.

ಸ್ಟೇಷನ್ನಿನ ಕೆಳಗೆ 12,500 ಸೈಕಲ್ ನಿಲ್ಲಿಸುವ ಮೂರು ಅಂತಸ್ತಿನ ಸ್ಟ್ಯಾಂಡ್ ಇದೆ. ಸೈಕಲ್ ತುಳಿದುಕೊಂಡೇ ಒಳಗೆ ಹೋಗಬಹುದು. ಅದನ್ನು ಬೇಗ ಬೇಗ ನೋಡಿ ಕಾಲುವೆ ಕಡೆ ಹೊರಟೆವು.

ಔಡೆಗ್ರಾಖ್ಟ್ ಅಂದರೆ ಹಳೇ ಕಾಲುವೆ ಅಂತಲೇ ಅರ್ಥ. ಹಳೇ ಊರಿನ ಮಧ್ಯದಲ್ಲಿ ಹರಿಯುತ್ತದೆ. ಬೇರೆ ಊರುಗಳಲ್ಲಿ ಕಾಲುವೆ ಪಕ್ಕದಲ್ಲೇ ರಸ್ತೆ, ರಸ್ತೆ ಪಕ್ಕದಲ್ಲೇ ಮನೆ. ಇಲ್ಲಿ ಹಾಗಲ್ಲ, ಎರಡು ಮಟ್ಟ ಇದೆ. ರಸ್ತೆ ಮೇಲೆ. ಅಲ್ಲಿಂದ ಕಲ್ಲಿನ ಮೆಟ್ಟಿಲು ಇಳಿದರೆ ನೀರಿನ ಮಟ್ಟಕ್ಕೆ ಒಂದು ಕಟ್ಟೆ. ಕಟ್ಟೆಗೆ ಬಾಗಿಲು ತೆರೆಯುವ ಕಮಾನಿನ ನೆಲಮಾಳಿಗೆಗಳು. ಅವು ರಸ್ತೆಯ ಅಡಿಯಲ್ಲೇ ಹಾದು ಮೇಲಿನ ಮನೆಗಳಿಗೆ ಸೇರುತ್ತವೆ. ದೋಣಿಯಲ್ಲಿ ಬಂದ ಸರಕನ್ನು ಕಟ್ಟೆಗೆ ಇಳಿಸಿ ಸೀದಾ ಮನೆಯ ಉಗ್ರಾಣಕ್ಕೆ ಉರುಳಿಸಿಬಿಡುತ್ತಿದ್ದರು. ರಸ್ತೆಯನ್ನು ದಾಟುವ ಮಾತೇ ಇಲ್ಲ. ನೂರಾರು ವರ್ಷದ ಹಿಂದೆ ಎಷ್ಟು ಅಚ್ಚುಕಟ್ಟಾಗಿ ಯೋಚನೆ ಮಾಡಿದ್ದಾರೆ ಅಲ್ವಾ? ಈಗಲೂ ಇಲ್ಲಿನ ಹೋಟೆಲುಗಳಿಗೆ ಬ್ಯಾಟರಿಯಲ್ಲಿ ಓಡುವ ದೋಣಿಯಲ್ಲಿ ಸಾಮಾನು ಬರುತ್ತದೆ.

ಕಟ್ಟೆ ಮೇಲೆ ನಡೆಯುವಾಗ ಶಿರಸಿಯವಳು ತಲೆ ಎತ್ತಿ ನೋಡು ಅಂದಳು. ಮೇಲಿನ ಪ್ರತಿ ದೀಪದ ಕಂಬದ ಕೆಳಗೂ ಗೋಡೆಯಿಂದ ಹೊರಚಾಚಿದ ಒಂದು ಕಲ್ಲು, ಅದರಲ್ಲಿ ಪುಟ್ಟ ಪುಟ್ಟ ಕೆತ್ತನೆ. ರಸ್ತೆಯಲ್ಲಿ ಹೋಗುವವರಿಗೆ ಅವು ಕಾಣೋದೇ ಇಲ್ಲ. ನೀರಿನ ಹತ್ತಿರ ಇಳಿದವರಿಗೆ ಮಾತ್ರ.

ಅಲ್ಲಿಂದ ಹೋಗಿ ಊರಿನ ದೊಡ್ಡ ಚರ್ಚಿನ ಡೋಮ್ ಗೋಪುರ ಹತ್ತಿದೆವು. 112 ಮೀಟರ್ ಎತ್ತರ, 465 ಮೆಟ್ಟಿಲು. ದಾರಿಯಲ್ಲಿ ಗಂಟೆಗಳ ಕೋಣೆ. ದೊಡ್ಡ ಗಂಟೆಯೊಂದೇ ಎಂಟು ಟನ್‌ಗಿಂತ ಜಾಸ್ತಿ ತೂಕ, 1505ರಲ್ಲಿ ಎರಕ ಹೊಯ್ದಿದ್ದು. ಮೇಲಿಂದ ಕಾಣುವ ಊರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಚೌಕ. ಗೋಪುರ ಒಂದು ಕಡೆ, ಚರ್ಚು ಇನ್ನೊಂದು ಕಡೆ, ನಡುವೆ ಬರೀ ಬಯಲು. ಮುಂಚೆ ಎರಡೂ ಒಂದೇ ಆಗಿದ್ದವು. ನಡುವಿನ ಭಾಗವನ್ನು ದುಡ್ಡು ಸಾಲದೆ, ಗೋಡೆಗೆ ಹೊರಗಿಂದ ಆಸರೆ ಕೊಡುವ ಆನಿಕೆಗಳಿಲ್ಲದೆ ಕಟ್ಟಿದ್ದರಂತೆ. 1674ರ ಆಗಸ್ಟ್ 1ರಂದು ಎದ್ದ ಬಿರುಗಾಳಿಗೆ ಅದು ಬಿದ್ದುಹೋಯಿತು. ಕಲ್ಲಿನ ರಾಶಿ ನೂರೈವತ್ತು ವರ್ಷ ಹಾಗೇ ಬಿದ್ದಿತ್ತು. ಮತ್ತೆ ಕಟ್ಟಲಿಲ್ಲ. ಆದರೆ ಕಂಬ ಎಲ್ಲಿತ್ತು, ಗೋಡೆ ಎಲ್ಲಿತ್ತು ಅನ್ನೋದನ್ನು ನೆಲದ ಕಲ್ಲಿನಲ್ಲೇ ಗುರುತು ಹಾಕಿದ್ದಾರೆ. ಅದರ ಮೇಲೆ ಒಂದು ಮಗು ಕುಂಟೆಬಿಲ್ಲೆ ಆಡುವ ಹಾಗೆ ಹಾರುತ್ತಾ ಹೋಗುತ್ತಿತ್ತು.

ಒಂದು ಗಂಟೆಗೆ ಶಿರಸಿಯವಳು ನಮ್ಮನ್ನು ಅವಸರ ಮಾಡಿಸಿ ಮತ್ತೆ ಔಡೆಗ್ರಾಖ್ಟ್‌ಗೆ ಕರೆದುಕೊಂಡು ಹೋದಳು. "ಶನಿವಾರ ಬಿಟ್ರೆ ಬೇರೆ ದಿನ ಇದು ಸಿಗಲ್ಲ ಕಣೇ."

ರಸ್ತೆಯ ಕಲ್ಲುಹಾಸಿನ ಮೇಲೆ ಒಬ್ಬ ಶಿಲ್ಪಿ ಕೂತಿದ್ದರು. ಮುಂದೆ ಒಂದೇ ಒಂದು ಕಲ್ಲು. ಉಳಿ ಇಟ್ಟು ಸುತ್ತಿಗೆಯಿಂದ ತಟ್ಟುತ್ತಿದ್ದರು. ಪ್ರತಿ ಏಟಿಗೂ ಬೂದು ಬಣ್ಣದ ಚಕ್ಕೆ ಸಿಡಿಯುತ್ತಿತ್ತು. ಆಗಾಗ ಬಗ್ಗಿ ಉಫ್ ಅಂತ ಊದಿ ಪುಡಿ ಹಾರಿಸಿ, ಹೆಬ್ಬೆರಳಿಂದ ಗೀರನ್ನು ಸವರಿ ನೋಡುತ್ತಿದ್ದರು. ಅರ್ಧ ಗಂಟೆ ದಾಟುವ ಹೊತ್ತಿಗೆ ಒಂದು 'ಇ' ಅಕ್ಷರ ಮೂಡಿತು. ಆ ವಾರಕ್ಕೆ ಅಷ್ಟೇ. ಮುಂದಿನ ಅಕ್ಷರ ಮುಂದಿನ ಶನಿವಾರ.

ಇದೊಂದು ಕವಿತೆ, ರಸ್ತೆಯ ಒಂದೊಂದು ಕಲ್ಲಿಗೆ ಒಂದೊಂದು ಅಕ್ಷರ. 2012ರ ಜೂನ್‌ನಲ್ಲಿ ಶುರು ಮಾಡಿದರು. 2000ನೇ ಇಸವಿಯಿಂದಲೇ ಲೆಕ್ಕ ಹಿಡಿದು ಅಲ್ಲಿಯವರೆಗಿನ ಅಕ್ಷರಗಳನ್ನು ಒಟ್ಟಿಗೆ ಹಾಕಿದರು, ಆಮೇಲೆ ವಾರಕ್ಕೊಂದು. ಒಂದು ಸಾಲು ಮುಗಿಯೋಕೆ ವರ್ಷಗಳು ಬೇಕು. ಒಬ್ಬ ಕವಿಯ ನಂತರ ಇನ್ನೊಬ್ಬ ಕವಿ ಮುಂದುವರಿಸುತ್ತಾರೆ. ಕೊನೆ ಅಂತ ಗೊತ್ತುಮಾಡಿಲ್ಲ. ಊರಿನವರು ಇರುವ ತನಕ ಸಾಗಬೇಕು ಅನ್ನೋದೇ ಅದರ ಆಸೆ. ಹಾಸನದವಳು ಮಾತಾಡದೆ ಆ ಹೊಸ ಅಕ್ಷರದ ಪಕ್ಕ ತುಂಬಾ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದಳು. ಹಳೇಬೀಡಿನ ಹತ್ತಿರ ಅವಳ ಅಜ್ಜಿ ಮನೆ. ಕಲ್ಲು ಕೆತ್ತುವ ಸದ್ದು ಕೇಳಿದರೆ ಅವಳು ಕಾಲು ಕಿತ್ತು ಹೋಗೋದಿಲ್ಲ ಅಂತ ನಮಗೆ ಗೊತ್ತು.

ಊಟ ಒಂದು ನೆಲಮಾಳಿಗೆಯ ಹೋಟೆಲ್‌ನಲ್ಲಿ. ಬಟಾಣಿ ಸೂಪು, ಬ್ರೆಡ್ಡು, ಚೀಸ್. ಶಿರಸಿಯವಳ ಡಬ್ಬಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇತ್ತು. ಆಚೆ ಕಟ್ಟೆ ಮೇಲೆ ಕೂತು ಅದನ್ನು ಚೀಸಿನ ಜೊತೆ ತಿಂದೆವು. ಆ ಜೋಡಿ ನಿಜಕ್ಕೂ ಸೊಗಸು, ಒಂದು ಸಲ ತಿಂದು ನೋಡಿ.

ಮಧ್ಯಾಹ್ನ ಪೆಡಲ್ ಬೋಟ್ ತಗೊಂಡು ಹೊರಗಿನ ಕಾಲುವೆಗೆ ಬಂದೆವು. ಹಳೇ ಊರಿನ ಸುತ್ತಲೂ ಕಂದಕದ ಹಾಗೆ ನೀರು ಬಳಸಿಕೊಂಡಿದೆ. ಅದರ ಪಶ್ಚಿಮದ ಭಾಗ ಕ್ಯಾಥರೈನೆಸಿಂಗೆಲ್. ಸುಮಾರು ಐವತ್ತು ವರ್ಷದ ಹಿಂದೆ ಇಲ್ಲಿನ ನೀರು ತೆಗೆದು, ಆ ಜಾಗದಲ್ಲಿ ಕಾರುಗಳಿಗೆ ಅಗಲವಾದ ಹೆದ್ದಾರಿ ಮಾಡಿದ್ದರು. ಆಮೇಲೆ ಜನರಿಗೆ ಅದು ತಪ್ಪು ಅನ್ನಿಸಿತು. 2002ರಲ್ಲಿ ಊರಿನವರ ಮತ ಕೇಳಿದರು. ಜನ ನೀರನ್ನೇ ಆರಿಸಿದರು. ರಸ್ತೆ ಅಗೆದು ತೆಗೆದು, 2020ರ ಸೆಪ್ಟೆಂಬರ್‌ನಲ್ಲಿ ಕಾಲುವೆಯ ಕೊನೆಯ ತುಂಡಿಗೆ ನೀರು ಬಿಟ್ಟರು. ಈಗ ಬೋಟು ಒಂದು ಮಾಲ್‌ನ ಕೆಳಗೇ ಹಾದು ಹೋಗುತ್ತದೆ. ದಡದಲ್ಲಿ ಹುಲ್ಲು, ಜೊಂಡು, ಬಾತುಕೋಳಿ ಮರಿಗಳು. ಹೆದ್ದಾರಿ ಇತ್ತು ಅಂತ ಹೇಳದಿದ್ದರೆ ಗೊತ್ತೇ ಆಗೋದಿಲ್ಲ.

ನಾನು ಪೆಡಲ್ ನಿಲ್ಲಿಸಿಬಿಟ್ಟೆ. ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರಿನ ತಿಗಳರಪೇಟೆಯಲ್ಲಿ. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಈಗ ಕಂಠೀರವ ಸ್ಟೇಡಿಯಂ ಇದೆ. ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ಸಂಪಂಗಿ ಕೆರೆಯಲ್ಲಿ ಉಳಿದಿರೋದು ಒಂದು ಚಿಕ್ಕ ಕೊಳ. ಪ್ರತಿ ಚೈತ್ರದಲ್ಲಿ ಕರಗದ ಸಮಯಕ್ಕೆ ನಮ್ಮವರು ಹಸಿ ಕರಗದ ಪೂಜೆಗೆ ಅಲ್ಲಿಗೇ ಹೋಗುತ್ತಾರೆ. ಕೆರೆ ಹೋದರೂ ಜನ ಅದನ್ನು ಬಿಟ್ಟುಕೊಟ್ಟಿಲ್ಲ. ಇದೇ ಏಪ್ರಿಲ್‌ನಲ್ಲಿ ಅಲ್ಲಿ ಕರಗ, ಇಲ್ಲಿ ನಾನು ವಾಪಸ್ ಬಂದ ನೀರಿನ ಮೇಲೆ ಕೂತಿದ್ದೇನೆ. ಗಂಟಲು ಕಟ್ಟಿತು. ಅವರಿಬ್ಬರೂ ಏನೂ ಕೇಳಲಿಲ್ಲ, ತಾವೇ ತುಳಿದರು.

ಸಂಜೆ ಹಳೇ ಕಾಲುವೆಯ ಉತ್ತರದ ತುದಿಗೆ ಹೋದೆವು. ಅಲ್ಲಿ ವೇರ್ಡ್‌ಸ್ಲೌಸ್ ಅನ್ನೋ ತೂಬಿನ ಬಾಗಿಲಿದೆ. ದೋಣಿ ದಾಟಿಸುವ ದೊಡ್ಡ ಮರದ ಬಾಗಿಲು. ವಸಂತದಲ್ಲಿ ಮೀನುಗಳು ಮೊಟ್ಟೆ ಇಡೋಕೆ ಹರಿವಿಗೆ ಎದುರಾಗಿ ಈಜಿ ಬರುತ್ತವೆ. ಆ ಸಮಯದಲ್ಲಿ ದೋಣಿ ಕಡಿಮೆ, ಹಾಗಾಗಿ ಬಾಗಿಲು ಮುಚ್ಚಿಯೇ ಇರುತ್ತದೆ. ಪಾಪ, ಮೀನುಗಳು ಕಾಯುತ್ತಾ ನಿಲ್ಲುತ್ತವೆ. ನಿಂತ ಮೀನನ್ನು ದೊಡ್ಡ ಹಕ್ಕಿಗಳು ಸುಲಭವಾಗಿ ಹಿಡಿಯುತ್ತವೆ. ಅದಕ್ಕೆ 2021ರಿಂದ ನೀರಿನೊಳಗೆ ಒಂದು ಕ್ಯಾಮೆರಾ ಇಟ್ಟಿದ್ದಾರೆ. ಅದು ಇಂಟರ್‌ನೆಟ್‌ನಲ್ಲಿ ಲೈವ್ ಬರುತ್ತದೆ. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ನೋಡಬಹುದು. ಮೀನು ಕಂಡರೆ ಪರದೆಯ ಮೇಲೇ ಇರುವ ಬೆಲ್ ಒತ್ತಬೇಕು. ಸಾಕಷ್ಟು ಮೀನು ಸೇರಿವೆ ಅಂತ ತಿಳಿದಾಗ ತೂಬಿನವರು ಬಾಗಿಲು ತೆಗೆಯುತ್ತಾರೆ.

ಕಟ್ಟೆಗೆ ಒರಗಿ ಮೂವರೂ ಒಂದೇ ಮೊಬೈಲ್ ನೋಡುತ್ತಾ ನಿಂತೆವು. ಪರದೆ ತುಂಬಾ ಮಬ್ಬು ಹಸಿರು. ಒಂದೆರಡು ಎಲೆ, ಗುಳ್ಳೆ. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಎಡದಿಂದ ಒಂದು ಅಗಲ ಮೀನು ಬಂತು. ಬಾಲವನ್ನು ಮೆಲ್ಲಗೆ ಆಡಿಸುತ್ತಾ, ಯಾರದೋ ಮನೆ ಬಾಗಿಲಲ್ಲಿ ನಿಂತ ಹಾಗೆ ನಿಂತಿತು. "ಒತ್ತೇ, ಒತ್ತೇ!" ಅಂತ ಇಬ್ಬರೂ ಕೂಗಿದರು. ಒತ್ತಿದೆ.

ಬೆಂಗಳೂರಿಗೆ ಬಂದು ಮೂರು ವಾರ ಆಯಿತು. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕಾಯೋಕೆ ಇಟ್ಟು ಆ ಲೈವ್ ತೆಗೆಯುತ್ತೇನೆ. ಅಲ್ಲಿ ಆಗ ರಾತ್ರಿ ಒಂದೂವರೆ, ಮೀನು ಜಾಸ್ತಿ ಓಡಾಡುವ ಹೊತ್ತು. ಇವತ್ತು ಮೂರು ಬಂದಿದ್ದವು. ಬೆಲ್ ಒತ್ತಿ ನಮ್ಮ ಗ್ರೂಪ್‌ಗೆ ಹಾಕಿದೆ. ಶಿರಸಿಯವಳು ಎದ್ದೇ ಇದ್ದಳು. "ನಾನೂ ಈಗ ತಾನೇ ಒತ್ತಿದೆ" ಅಂತ ಬರೆದಳು.