ವಾಸನೆ ಹಿಡಿದು ಹೊರಟವನು

ಅಕ್ಕನ ಮಗಳು ಇವತ್ತು ಕುಕ್ಕರಹಳ್ಳಿ ಕೆರೆಯ ಒಂದು ಹನಿ ನೀರನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಅದರಲ್ಲೊಂದು ಪುಟ್ಟ ಜೀವಿ, ಸೈಕ್ಲಾಪ್ಸ್ ಅಂತೆ. ತಲೆ ಮೇಲೆ ಒಂದೇ ಕಣ್ಣು, ಬಾಲದ ಎರಡೂ ಪಕ್ಕ ಮೊಟ್ಟೆ ಚೀಲ. ಚಂಗನೆ ಹಾರುತ್ತದೆ, ನಿಲ್ಲುತ್ತದೆ, ಮತ್ತೆ ಹಾರುತ್ತದೆ.

ಇದರ ಸಮುದ್ರದ ನೆಂಟರ ಕಥೆ ಇನ್ನೂ ಮಜಾ. ಟೆಮೋರಾ ಅಂತ ಒಂದಿದೆ, ಉದ್ದ ಹೆಚ್ಚುಕಮ್ಮಿ 1 ಮಿ.ಮೀ. ಹೆಣ್ಣು ಈಜಿದ ದಾರಿಯಲ್ಲಿ ಅದರ ವಾಸನೆ ಎಳೆಯಾಗಿ ಉಳಿಯುತ್ತದೆ, ಅದೂ ಕೆಲವೇ ಸೆಕೆಂಡು. ಅಷ್ಟರಲ್ಲಿ ಗಂಡಿಗೆ ಸಿಕ್ಕಿತೋ, 10 ಸೆಂ.ಮೀ.ಗೂ ಜಾಸ್ತಿ ದೂರ ಬೆನ್ನು ಹತ್ತುತ್ತದೆ. ಅವಳು ಸುತ್ತಿದ ಒಂದು ತಿರುವನ್ನೂ ಬಿಡುವುದಿಲ್ಲ. ಕೆಲವು ಸಲ ಉಲ್ಟಾ ದಿಕ್ಕಿಗೆ ಹೋಗಿ, ಮತ್ತೆ ತಿರುಗಿ ಬರುತ್ತದೆ, ಪಾಪ!

ನಾವಾದರೆ ದೇವರಾಜ ಮಾರ್ಕೆಟ್‌ನಲ್ಲಿ ಮಲ್ಲಿಗೆ ಘಮ್ಮೆಂದರೂ ಹೂವಿನ ಸಾಲು ಎಲ್ಲಿ ಅಂತ ಯಾರನ್ನಾದರೂ ಕೇಳಲೇಬೇಕು, ಅಲ್ವಾ?